ಶಾ ಓಡಿಹೋದ, ಕುದುರೆಮುಖದ ಅದಿರಿಗೆ ಗಿರಾಕಿ ಇಲ್ಲದಾಯಿತು

ಒಂದು ದೇಶದಲ್ಲಿ ಜನ ದಂಗೆ ಎದ್ದರೆ ಅಕ್ಕಪಕ್ಕದವರಿಗೆ, ದೂರದ ಮಿತ್ರ ದೇಶಗಳಿಗೆ ನಿಜವಾಗಲೂ ಬಿಸಿ ತಟ್ಟುತ್ತದಾ, ತಟ್ಟಿದರೂ ಎಷ್ಟು ದಿನ ಅಂತ ಕೇಳಿದ್ದೀರಿ. ನಮ್ಮ ಮನೆಗೇ ತಟ್ಟಿತ್ತು. ಅಪ್ಪ ಕುದುರೆಮುಖದ ಗಣಿಯಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಇರಾನಿನ ದಂಗೆಯ ಮುಂದಾಳು ಖೊಮೇನಿ ಹೆಸರು ನನಗೆ ಪೇಪರ್ ಓದಲು ಬರುವ ಮೊದಲೇ ಗೊತ್ತಿತ್ತು.

1975ರಲ್ಲಿ ಇರಾನಿನ ದೊರೆ ಶಾನ ಸರ್ಕಾರ ಭಾರತದ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಅವರಲ್ಲಿ ಎಣ್ಣೆ ಮಾರಿದ ದುಡ್ಡಿತ್ತು, ಉಕ್ಕಿನ ಕಾರ್ಖಾನೆ ಕಟ್ಟುವ ಆಸೆಯಿತ್ತು. 63 ಕೋಟಿ ಡಾಲರ್ ಸಾಲ ಕೊಡುತ್ತೇವೆ, ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಪುಡಿ ನಮಗೆ ಕೊಡಿ ಎಂದರು. ಮರುವರ್ಷ ಕಂಪನಿ ಹುಟ್ಟಿತು. ಲಕ್ಯಾ ಹೊಳೆಗೆ ಅಣೆಕಟ್ಟು ಬಂತು, ಕಾಡಿನ ನಡುವೆ ಹೊಸ ಊರೇ ಎದ್ದಿತು. ಘಟ್ಟ ಇಳಿದು ಪಣಂಬೂರಿನವರೆಗೆ ಸುಮಾರು 67 ಕಿಲೋಮೀಟರ್ ಪೈಪ್. ಅರೆದ ಅದಿರನ್ನು ನೀರಲ್ಲಿ ಕಲಸಿ ಬಿಟ್ಟರೆ ಕಪ್ಪು ಗಂಜಿಯ ಹಾಗೆ ಬಂದರಿಗೆ ಹರಿದು ಹೋಗುತ್ತಿತ್ತು.

ಅಷ್ಟರಲ್ಲಿ 1978ರಲ್ಲಿ ಇರಾನಿನ ಜನ ಶಾನ ವಿರುದ್ಧ ಬೀದಿಗಿಳಿದರು. ಎಣ್ಣೆ ಬಾವಿಯ ಕೆಲಸಗಾರರೂ ಮುಷ್ಕರ ಹೂಡಿದರು. 1979ರ ಜನವರಿ 16ಕ್ಕೆ ಶಾ ದೇಶ ಬಿಟ್ಟ. ಸಾಲದ ಕಂತು ಅರ್ಧಕ್ಕೇ ನಿಂತಿತು, ಉಳಿದ ದುಡ್ಡನ್ನು ನಾವೇ ಹಾಕಿದೆವು. 1980ರಲ್ಲಿ ಎಲ್ಲಾ ತಯಾರಾಯಿತು, ಆದರೆ ಕೊಳ್ಳಬೇಕಾದವನೇ ಇಲ್ಲ! ಬೇರೆಯವರಿಗೆ ಮಾರಬಹುದಿತ್ತಲ್ವಾ ಅನ್ನಬಹುದು. ಅಷ್ಟು ನುಣ್ಣನೆಯ ಪುಡಿಯನ್ನು ಹಾಗೇ ಕುಲುಮೆಗೆ ಸುರಿಯಲು ಬರುವುದಿಲ್ಲ, ಮೊದಲು ಉಂಡೆ ಕಟ್ಟಬೇಕು. ಆ ವ್ಯವಸ್ಥೆ ಇದ್ದ ಗಿರಾಕಿಗಳು ಕಡಿಮೆ.

ಪೆಟ್ಟು ತಿಂದವರು ನಾವೊಬ್ಬರೇ ಅಲ್ಲ. ಶಾ ಅಮೆರಿಕಕ್ಕೆ ಆರ್ಡರ್ ಕೊಟ್ಟಿದ್ದ ನಾಲ್ಕು ಯುದ್ಧನೌಕೆಗಳನ್ನು ಹೊಸ ಸರ್ಕಾರ ಬೇಡ ಎಂದಿತು. ಕೊನೆಗೆ ಅಮೆರಿಕದ ನೌಕಾಪಡೆಯೇ ಅವನ್ನು ಇಟ್ಟುಕೊಂಡಿತು. ನಾವಿಕರು ತಮಾಷೆಗೆ ಖೊಮೇನಿಯ ಬಿರುದು ಹಿಡಿದು ಅವಕ್ಕೆ 'ಆಯತೊಲ್ಲಾ' ಹಡಗುಗಳು ಅಂತ ಹೆಸರಿಟ್ಟರು. ಬ್ರಿಟನ್ನಿನಲ್ಲಿ ಶಾನಿಗಾಗಿ ತಯಾರಾಗುತ್ತಿದ್ದ ಟ್ಯಾಂಕ್ ಮುಂದೆ ಅವರದೇ ಸೇನೆಯ ಚಾಲೆಂಜರ್ ಆಯಿತು. ಇಸ್ರೇಲ್‌ಗೆ ಇರಾನಿನ ಎಣ್ಣೆ ನಿಂತಿತು. ಟೆಹರಾನಿನಲ್ಲಿದ್ದ ಅವರ ಕಚೇರಿ ಕಟ್ಟಡ ಪ್ಯಾಲೆಸ್ಟೀನಿಯರ ಪಾಲಾಯಿತು.

ಮಿತ್ರರೆಲ್ಲ ಸಂಬಂಧ ಬೆಳೆಸಿದ್ದು ಒಬ್ಬ ಮನುಷ್ಯನ ಜೊತೆ, ಇರಾನಿನ ಜನರ ಜೊತೆಯಲ್ಲ. ನನ್ನ ಪ್ರಕಾರ ಎಡವಟ್ಟಾಗಿದ್ದು ಅಲ್ಲೇ.

ಪಕ್ಕದವರ ಕಥೆ ಬೇರೆ. ಅವರಿಗೆ ದುಡ್ಡಿಗಿಂತ ಜಾಸ್ತಿ ಇದ್ದದ್ದು ಭಯ. ಸೌದಿಯ ಪೂರ್ವ ಭಾಗದಲ್ಲಿ 1979ರ ನವೆಂಬರ್‌ನಲ್ಲಿ, ಇರಾನಿನವರ ಹಾಗೆ ಶಿಯಾ ಪಂಗಡದವರಾದ ಜನ ಬೀದಿಗೆ ಬಂದರು. ಇರಾಕಿನಲ್ಲೂ ಶಿಯಾಗಳೇ ಹೆಚ್ಚು, ಆಳುತ್ತಿದ್ದವನು ಸುನ್ನಿ ಪಂಗಡದ ಸದ್ದಾಂ. ದಂಗೆ ತನ್ನಲ್ಲಿಗೂ ಹಬ್ಬುತ್ತದೆ ಎನ್ನುವ ಅಂಜಿಕೆ ಒಂದು ಕಡೆ, ಇರಾನಿನ ಸೇನೆ ಹಣ್ಣಾಗಿದೆ, ಇದೇ ಸಮಯ ಎನ್ನುವ ಲೆಕ್ಕ ಇನ್ನೊಂದು ಕಡೆ. 1980ರ ಸೆಪ್ಟೆಂಬರ್ 22ಕ್ಕೆ ನುಗ್ಗಿಯೇಬಿಟ್ಟ. ಆ ಯುದ್ಧ ಎಂಟು ವರ್ಷ ನಡೆಯಿತು.

ಎಷ್ಟು ದಿನ ಅಂದಿರಲ್ಲ. ನಮ್ಮ ಕಡೆಯ ಲೆಕ್ಕ ಹೇಳುತ್ತೇನೆ. ಆ ಪುಡಿಯನ್ನು ಉಂಡೆ ಕಟ್ಟುವ ಘಟಕ ಮಂಗಳೂರಿನಲ್ಲಿ ಶುರುವಾಗಿದ್ದು 1987ರಲ್ಲಿ. ಅಷ್ಟು ಹೊತ್ತಿಗೆ ಶಾ ಸತ್ತು ಏಳು ವರ್ಷವಾಗಿತ್ತು.