1984 ಕಾದಂಬರಿಯಲ್ಲಿ ಸರ್ಕಾರ ಎಲ್ಲರನ್ನೂ ಸದಾ ನೋಡುತ್ತಿರುತ್ತದೆಯೇ?

ಇಲ್ಲ, ಸದಾ ನೋಡಬೇಕಾದ ಅಗತ್ಯವೂ ಇಲ್ಲ. ನಮ್ಮ ಬಳ್ಳಾರಿಯ ಗುಡ್ಡದ ಕೋಟೆಯಿಂದ ಊರೆಲ್ಲ ಕಾಣುತ್ತದೆ. ಆದರೆ ಕೆಳಗೆ ಬೀದಿಯಲ್ಲಿ ನಿಂತವರಿಗೆ ಮೇಲೆ ಯಾರಿದ್ದಾರೋ ಇಲ್ಲವೋ ತಿಳಿಯದು. 1949ರಲ್ಲಿ ಬಂದ ಜಾರ್ಜ್ ಆರ್ವೆಲ್ ಅವರ ಈ ಕಾದಂಬರಿಯಲ್ಲಿ ಟೆಲಿಸ್ಕ್ರೀನ್ ಕೆಲಸ ಮಾಡುವುದೂ ಹಾಗೆಯೇ. ಗೋಡೆಯ ಮೇಲಿನ ಆ ಪರದೆ ಸುದ್ದಿ ಬಿತ್ತರಿಸುತ್ತಲೇ ಮನೆಯೊಳಗಿನ ಮಾತು, ಚಲನೆ ಎರಡನ್ನೂ ಹಿಡಿಯುತ್ತದೆ. ಕಥಾನಾಯಕ ವಿನ್‌ಸ್ಟನ್ ಸ್ಮಿತ್ ಅದರ ಸದ್ದು ತಗ್ಗಿಸಬಲ್ಲ, ಪೂರ್ತಿ ಆರಿಸಲಾರ. ಈ ಕ್ಷಣ ತನ್ನನ್ನು ಯಾರಾದರೂ ನೋಡುತ್ತಿದ್ದಾರೋ ಎಂದು ಅರಿಯಲಾರ. ಹಾಗಾಗಿ ತನ್ನ ಮುಖದ ಭಾವಕ್ಕೂ ತಾನೇ ಕಾವಲು ಕಾಯುತ್ತಾನೆ. ಓದುವಾಗ ನನಗೆ ಉಸಿರು ಕಟ್ಟಿದ್ದು ಇಲ್ಲೇ.

ಇದಕ್ಕಿಂತ ಕ್ರೂರವಾದದ್ದು ಅವನ ನೌಕರಿ: ಹಳೆಯ ಪತ್ರಿಕೆಗಳನ್ನು ಆಳುವ ಪಕ್ಷಕ್ಕೆ ಬೇಕಾದಂತೆ ತಿದ್ದುವುದು. ನಿನ್ನೆ ನಡೆದದ್ದಕ್ಕೆ ಸಾಕ್ಷಿಯೇ ಉಳಿಯದಿದ್ದರೆ ಇಂದು ಯಾವ ಆಧಾರದ ಮೇಲೆ ಪ್ರಶ್ನೆ ಕೇಳುವುದು? ಜೊತೆಗೆ ‘ನ್ಯೂಸ್ಪೀಕ್’ ಎಂಬ ಪಕ್ಷದ ಭಾಷೆ ವರ್ಷವರ್ಷಕ್ಕೂ ಪದಗಳನ್ನು ಕಡಿದುಹಾಕುತ್ತದೆ; ಪದವೇ ಇಲ್ಲದಿದ್ದರೆ ವಿರೋಧದ ಯೋಚನೆಯೂ ಹುಟ್ಟದು ಎಂಬುದು ಅದರ ಲೆಕ್ಕ.

1975ರ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಹೇರಿದ್ದನ್ನು ಕಂಡ ಹಿರಿಯರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಕಾದಂಬರಿ ಕೈಗೆತ್ತಿಕೊಳ್ಳುವ ಮೊದಲು ಅಂಥವರೊಬ್ಬರ ಜೊತೆ ಕೂತು ಮಾತಾಡಿ.