ಬಾಯಿ ಮೂಸಿದರೆ ಗೊತ್ತಾಗುವುದಿಲ್ಲ

ಸಲಹೆ ಕೇಳಲು ನನ್ನ ಬಳಿ ಬಂದ ಒಂದು ಮನೆಯವರ ಕಥೆ ಇದು. ಗುರುತು ಸಿಗಬಾರದೆಂದು ಊರು, ವಯಸ್ಸು, ಉದ್ಯೋಗ ಬದಲಿಸಿದ್ದೇನೆ. ಗದಗ ಕಡೆಯವರು ಎಂದಿಟ್ಟುಕೊಳ್ಳಿ. ಗಂಡನಿಗೆ ಮೂವತ್ತೈದರ ಆಸುಪಾಸು, ಸಪೂರ ಆಳು, ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಹುಬ್ಬಳ್ಳಿಯಲ್ಲಿ ರಕ್ತ ತಪಾಸಣೆ ಮಾಡಿಸಿದಾಗ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಒಂದು ಬಗೆಯ ಕೊಬ್ಬು, 1140 ಬಂತು, 150ರ ಒಳಗಿರಬೇಕಾದದ್ದು. ಲ್ಯಾಬಿನ ಹುಡುಗ ನಳಿಕೆ ಎತ್ತಿ ತೋರಿಸಿದನಂತೆ, ಮೇಲೆಲ್ಲ ಹಾಲು ಕಲಸಿದಂಥ ಬಿಳಿ. ಡಾಕ್ಟರು ಮೊದಲು ಕೇಳಿದ್ದು, "ಕುಡಿತೀರೇನು?" ಕುಡಿತದಿಂದಲೂ ಅದು ಏರುತ್ತದೆ, ಹಾಗಾಗಿ ಕೇಳಲೇಬೇಕಾದ ಪ್ರಶ್ನೆ. ಆದರೆ ಪಕ್ಕದಲ್ಲಿ ಹೆಂಡತಿ ಕೂತಿದ್ದಳು, ಅವಳ ಕಿವಿಗೆ ಅದು ತೀರ್ಪಾಗಿ ಬಿತ್ತು.

ಅಂದಿನಿಂದ ಅವನು ಮನೆಗೆ ಬಂದ ಕೂಡಲೇ ಬಾಯಿ ಮೂಸುವುದು, ಜೇಬು ತಡಕುವುದು. ಅವನ ಅಣ್ಣ ವಾರಕ್ಕೆರಡು ಸಲ ಕುಡಿಯುವವ, ಅವನದು ಬರೀ 180. "ಕುಡಿಯೋರಿಗೇ ಅಷ್ಟ್ ಕಡಿಮಿ ಐತಿ ಅಂದ್ರ ಇವ್ರು ಎಷ್ಟ್ ಕುಡೀತಿರಬೇಕ್ರಿ ಮೇಡಂ?" ಹೆಂಡತಿಯ ಈ ಲೆಕ್ಕ ನನಗೆ ಹೊಸದಲ್ಲ. ರಕ್ತದ ರಿಪೋರ್ಟನ್ನು ನಡತೆಯ ಸರ್ಟಿಫಿಕೇಟಿನಂತೆ ಓದುವ ಮನೆಗಳು ಪದೇ ಪದೇ ನನ್ನ ಬಾಗಿಲಿಗೆ ಬರುತ್ತವೆ. ಬರೆಯಲು ಕೂತದ್ದೂ ಅದಕ್ಕೇ.

ಮೂರನೇ ಸಲ ಅತ್ತೆಯೂ ಜೊತೆಗೆ ಬಂದರು. ನಾನು ಗಿರಣಿಯ ಮಾತು ಹೇಳುತ್ತಿದ್ದೆ. ಊಟದಿಂದಲೂ ಲಿವರಿನಿಂದಲೂ ರಕ್ತಕ್ಕೆ ಬರುವ ಕೊಬ್ಬನ್ನು ಒಡೆಯಲು ಒಂದು ಕಿಣ್ವವಿದೆ, ಅದೇ ಗಿರಣಿ. ಅದನ್ನು ಕಟ್ಟುವ ಎಲ್‌ಪಿಎಲ್, ಅದಕ್ಕೆ ನೆರವಾಗುವ ಎಪಿಒಎ5, ಅಡ್ಡಗಾಲು ಹಾಕುವ ಎಪಿಒಸಿ3 ಎಂಬ ಜೀನುಗಳು ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ತಂದೆಯಿಂದೊಂದು, ತಾಯಿಯಿಂದೊಂದು ಬರುವ ಎರಡು ಪ್ರತಿಗಳಲ್ಲಿ ಎಪಿಒಸಿ3ಯ ಒಂದು ಪ್ರತಿ ಕೆಲಸ ಮಾಡದವರಲ್ಲಿ ಟ್ರೈಗ್ಲಿಸರೈಡ್ ಸುಮಾರು 40% ಕಡಿಮೆ ಎಂದು 2014ರಲ್ಲೇ ಗೊತ್ತಾಗಿದೆ. ಒಂದೇ ತಾಯಿಯ ಮಕ್ಕಳಾದರೂ ಒಬ್ಬನ ಗಿರಣಿ ಚುರುಕು, ಇನ್ನೊಬ್ಬನದು ನಿಧಾನ ಆಗಬಹುದು. ಅಣ್ಣನ ಸಂಖ್ಯೆ ತಮ್ಮನ ಮೇಲೆ ಸಾಕ್ಷಿ ನುಡಿಯುವುದಿಲ್ಲ.

ಅಷ್ಟರಲ್ಲಿ ಅತ್ತೆ ಸೊಸೆಯ ಕಡೆ ತಿರುಗಿದರು. "ನಿಮ್ಮ ಮಾವನೂ ಹೊಟ್ಟಿಬ್ಯಾನಿಯಿಂದನ ಹೋದ್ರವಾ. ಮೇದೋಜೀರಕ ಬಾತೈತಿ ಅಂದ್ರು ದವಾಖಾನ್ಯಾಗ. ಕುಡದ ಸತ್ತ ಅಂದ್ರು ಮಂದಿ. ನಾನೂ ಹಿಂಗ ಬಾಯಿ ಮೂಸಿ ನೋಡತಿದ್ದೆ. ಒಂದಿನಾನೂ ವಾಸನಿ ಬರಲಿಲ್ಲ. ಬರಲಿಲ್ಲಂದ್ರ, ಯಾಲಕ್ಕಿ ತಿಂದ್ ಬಂದಾರ ಅಂತಿದ್ದೆ."

ಸೊಸೆ ಸೆರಗಿನ ಚುಂಗು ಹಿಂಡುತ್ತ ಕೂತಳು. ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಆ ತಾಯಿ ನನ್ನನ್ನೇ ಕೇಳಿದರು: "ಹಂಗಾರ ಅವ್ರು ಕುಡೀತಿದ್ದಿಲ್ಲೇನ್ರಿ?"

"ಇರಬಹುದವ್ವಾ. ಅವರ ಅಂದಿನ ರಕ್ತ ಈಗ ಸಿಗೂದಿಲ್ಲಲ್ಲ," ಎಂದೆ.

ಹೂಂ, ಕುಡೀತಿರಲಿಲ್ಲ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಜೊತೆಗಾರ್ತಿಯೊಬ್ಬಳು ಆಮೇಲೆ ಜಗಳ ತೆಗೆದಳು. ಟ್ರೈಗ್ಲಿಸರೈಡ್ ಸಾವಿರ ದಾಟಿದರೆ ಮೇದೋಜೀರಕ (ಪ್ಯಾಂಕ್ರಿಯಾಸ್) ಬಾಯುವುದುಂಟು ನಿಜ, ಪಿತ್ತಕೋಶದ ಕಲ್ಲಿನಿಂದಲೂ ಬಾಯುವುದುಂಟು. ಪುರಾವೆಯಿಲ್ಲದ ಒಂದು ತೀರ್ಪನ್ನು ಆ ಮನೆಯಿಂದ ಹೊರಗೆ ಹಾಕುತ್ತ, ಪುರಾವೆಯಿಲ್ಲದ ಇನ್ನೊಂದನ್ನು ಒಳಗೆ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ಆ ತಾಯಿಯ ಮುಖ ನೆನಪಾದಾಗ ಮಾತ್ರ ಜೊತೆಗಾರ್ತಿ ಹೇಳಿದ್ದೇ ಸರಿಯೇನೋ ಅನ್ನಿಸುತ್ತದೆ.

ಗಂಡ ಆಗ ಚುರುಕಾದ. "ಹಂಗಾರ ನಂದೇನೂ ತಪ್ಪಿಲ್ಲಲ್ರಿ!" ಇಲ್ಲಿ ನಾನು ಸ್ವಲ್ಪ ಗಡುಸಾದೆ. ಒಂದೇ ಜೀನಿನ ಎರಡೂ ಪ್ರತಿ ಕೆಟ್ಟು ಗಿರಣಿ ನಿಂತೇ ಹೋಗುವುದು ಹತ್ತು ಲಕ್ಷಕ್ಕೆ ಒಬ್ಬರಿಬ್ಬರಲ್ಲಿ. ಉಳಿದವರಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳು ಕೂಡಿ ಗಿರಣಿ ನಿಧಾನವಾಗಿರುತ್ತದೆ, ಬಾಗಿಲಿಗೆ ಚೀಲ ತಂದು ಒಟ್ಟುವವರು ನಾವು. ಅಂಗಡಿಯಲ್ಲಿ ದಿನಕ್ಕೆ ಏಳು ಸಿಹಿ ಚಹಾ, ಧಾರವಾಡಕ್ಕೆ ಹೋದಾಗೆಲ್ಲ ಅರ್ಧ ಕಿಲೋ ಪೇಡೆ ಎಂದು ಅವನೇ ಒಪ್ಪಿಕೊಂಡಿದ್ದ. ಅಣ್ಣನಿಗೆ ದಕ್ಕುವುದು ನಿನಗೆ ದಕ್ಕುವುದಿಲ್ಲ, ಹೆಂಡವನ್ನಂತೂ ಮುಟ್ಟಲೇಬೇಡ ಎಂದೆ.

ಈ ಕೊಬ್ಬು ಇಳಿಸಲು ಡಾಕ್ಟರು ಕೊಟ್ಟ ಫೈಬ್ರೇಟ್ ಮಾತ್ರೆ ತಪ್ಪಿಸಬೇಡ. ಹೊಟ್ಟೆನೋವು ಬೆನ್ನಿಗೆ ಹೊಡೆದರೆ ಗ್ಯಾಸ್ ಎಂದು ಸೋಡಾ ಕುಡಿಯದೆ ಆಸ್ಪತ್ರೆಗೆ ಓಡು. ಸಾವಿರಗಟ್ಟಲೆ ಕೊಟ್ಟು ಜೀನ್ ಟೆಸ್ಟ್ ಮಾಡಿಸೋಣವೇ ಎಂದರು. ಅವನ ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲವೆಂದು ಡಾಕ್ಟರು ಆಗಲೇ ಹೇಳಿದ್ದರು, ನಾನೂ ಬೇಡವೆಂದೆ. ಆ ದುಡ್ಡಿನಲ್ಲಿ ಒಡಹುಟ್ಟಿದವರೆಲ್ಲ ಖಾಲಿ ಹೊಟ್ಟೆಯಲ್ಲಿ ರಕ್ತ ತಪಾಸಣೆ ಮಾಡಿಸಲಿ.

ನಾಲ್ಕು ತಿಂಗಳಿಗೆ 310ಕ್ಕೆ ಇಳಿದಿದೆ. "ಮೂಸೂದು ಬಿಟ್ಟೀನ್ರಿ ಮೇಡಂ, ಈಗ ಚಾ ಎಣಸ್ತೀನಿ," ಎಂದು ಸೊಸೆ ಫೋನು ಮಾಡಿದ್ದಳು. ಹಾವೇರಿಗೆ ಕೊಟ್ಟ ಅವನ ತಂಗಿ ಮಾತ್ರ ಇನ್ನೂ ತಪಾಸಣೆಗೆ ಹೋಗಿಲ್ಲವಂತೆ. ಕೇಳಿದರೆ, "ನಾ ಎಲ್ಲಿ ಕುಡೀತೀನಿ?" ಅನ್ನುತ್ತಾಳಂತೆ.