ಕಡಲ ನೀರಿನಿಂದ ಕರುಳಿನ ಮೈಕ್ರೋಬಯೋಮ್‌ಗೆ

ಪ್ರಶ್ನೆ: ಜ್ಯಾಕ್ ಗಿಲ್ಬರ್ಟ್ ಎಂಬ ವಿಜ್ಞಾನಿ ಸಮುದ್ರದ ಬ್ಯಾಕ್ಟೀರಿಯಾ, ಮನುಷ್ಯರ ಆರೋಗ್ಯ ಎರಡರ ಮೇಲೂ ಕೆಲಸ ಮಾಡಿದ್ದಾರಂತೆ. ನಾನು ಎಂ.ಎಸ್‌ಸಿ. ಪ್ರಾಜೆಕ್ಟ್‌ಗೆ ಕಡಲ ನೀರು ಆರಿಸಿಕೊಂಡರೆ ಮುಂದೆ ಕರುಳಿನ ಮೈಕ್ರೋಬಯೋಮ್ (ಅಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳ ಸಮುದಾಯ) ಕಡೆಗೆ ಹೋಗಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಧಾರಾಳವಾಗಿ ಹೋಗಬಹುದು. ಗಿಲ್ಬರ್ಟ್ ನಡೆದದ್ದೂ ಅದೇ ದಾರಿ. ಇಂಗ್ಲೆಂಡಿನ ಪ್ಲಿಮತ್ ಮರೈನ್ ಲ್ಯಾಬೊರೇಟರಿಯಲ್ಲಿದ್ದಾಗ ಅವರು ಇಂಗ್ಲಿಷ್ ಕಾಲುವೆಯ ಒಂದೇ ಜಾಗದ ಆರು ವರ್ಷಗಳ ನೀರಿನ ಮಾದರಿಗಳನ್ನು ಅಧ್ಯಯನ ಮಾಡಿದರು. ಅಲ್ಲಿನ ಬ್ಯಾಕ್ಟೀರಿಯಾ ವೈವಿಧ್ಯದ ಏರಿಳಿತ ಎಲ್ಲಕ್ಕಿಂತ ಹೆಚ್ಚಾಗಿ ಹಗಲಿನ ಉದ್ದಕ್ಕೆ ತಾಳೆಯಾಯಿತು. ಆಮೇಲೆ ಶಿಕಾಗೊದಲ್ಲಿ 2013ರಲ್ಲಿ ಹೊಸ ಆಸ್ಪತ್ರೆಯೊಂದು ತೆರೆಯುವ ಮೊದಲೇ ಅವರ ತಂಡ ಅಲ್ಲಿ ಸ್ವ್ಯಾಬ್ ತೆಗೆಯಲು ಶುರುಮಾಡಿ, ಸುಮಾರು ಒಂದು ವರ್ಷ ಮುಂದುವರಿಸಿತು. ಮೊದಲ ದಿನ ಕೋಣೆಯ ಸೂಕ್ಷ್ಮಜೀವಿಗಳು ರೋಗಿಯ ಮೈಗೆ ಬರುತ್ತವೆ, ಮರುದಿನದಿಂದ ರೋಗಿಯವೇ ಕೋಣೆಯನ್ನು ತುಂಬುತ್ತವೆ ಎಂಬುದು ಗೊತ್ತಾದದ್ದು ಹೀಗೆ.

ಕಡಲ ನೀರಿಗೂ ಕರುಳಿನ ಮಾದರಿಗೂ ವಿಧಾನ ಒಂದೇ: ಡಿಎನ್‌ಎ ಬೇರ್ಪಡಿಸಿ, ಬ್ಯಾಕ್ಟೀರಿಯಾಗಳನ್ನು ಗುರುತಿಸಲು ನೆರವಾಗುವ 16ಎಸ್ ಜೀನಿನ ವಿ4 ಎಂಬ ಭಾಗದ ಪ್ರತಿಗಳನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ, ಸೀಕ್ವೆನ್ಸ್ ಮಾಡುವುದು, ಅಂದರೆ ಅದರ ಅಕ್ಷರಗಳ ಸಾಲನ್ನು ಓದುವುದು. ಎಡವುವ ಜಾಗಗಳು ಬೇರೆ. ಒಂದು ಗ್ರಾಂ ಮಲದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ ಇದ್ದರೆ, ಒಂದು ಮಿಲಿಲೀಟರ್ ಕಡಲ ನೀರಿನಲ್ಲಿರುವುದು ಸಾಮಾನ್ಯವಾಗಿ ಹತ್ತು ಲಕ್ಷದ ಆಸುಪಾಸು. ಹಾಗಾಗಿ ಒಂದೆರಡು ಲೀಟರ್ ನೀರನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಬೇಕು. ಮಳೆಗಾಲದಲ್ಲಿ ನೇತ್ರಾವತಿ ಅಳಿವೆಯ ಕೆಸರಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಆಗ ಪಂಪಿನ ಒತ್ತಡ ಏರಿಸಬೇಡಿ, ಕೋಶಗಳು ಒಡೆದು ಡಿಎನ್‌ಎ ಸೋರಿಹೋಗುತ್ತದೆ. ಎಷ್ಟು ಸೋಸಿತೋ ಅಷ್ಟನ್ನು ಬರೆದಿಟ್ಟುಕೊಂಡು ನಿಲ್ಲಿಸಿ. ದೋಣಿಯಲ್ಲಿ ನೀರು ಐಸ್‌ನಲ್ಲಿ, ಕತ್ತಲಲ್ಲಿ ಇರಲಿ; ಸೋಸಿದ ಫಿಲ್ಟರ್ ತಡಮಾಡದೆ ಮೈನಸ್ 80 ಡಿಗ್ರಿಗೆ ಹೋಗಲಿ.

ಬಹಳ ಪ್ರಾಜೆಕ್ಟ್‌ಗಳು ಕೆಡುವುದು ಬ್ಲ್ಯಾಂಕ್ (ಮಾದರಿ ಇಲ್ಲದೆ ನಡೆಸುವ ಖಾಲಿ ಪರೀಕ್ಷೆ) ಇಲ್ಲದೆ. ಡಿಎನ್‌ಎ ಕಿಟ್‌ಗಳ ದ್ರಾವಣಗಳಲ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ಇರುತ್ತದೆ. ಮಾದರಿಯಲ್ಲಿ ಬ್ಯಾಕ್ಟೀರಿಯಾ ಕಡಿಮೆಯಿದ್ದಷ್ಟೂ ಕಿಟ್‌ನ ಡಿಎನ್‌ಎಯೇ ಎದ್ದು ಕಾಣುತ್ತದೆ. ನೀರು ಹಾಯಿಸದ ಫಿಲ್ಟರ್ ಒಂದನ್ನು ಮೊದಲಿನಿಂದ ಕೊನೆಯವರೆಗೆ ಜೊತೆಗೇ ನಡೆಸಿ. ಇದಕ್ಕೆ ದುಡ್ಡಿಲ್ಲವೆಂದರೆ ಮಾದರಿಗಳ ಸಂಖ್ಯೆಯನ್ನೇ ಇಳಿಸಿ.

ಪ್ರೈಮರ್ (ಪಿಸಿಆರ್ ಶುರುವಾಗಲು ಬೇಕಾದ ಡಿಎನ್‌ಎ ತುಣುಕು) ತರಿಸುವಾಗಲೂ ಎಚ್ಚರ. ಹಳೆಯ 806ಆರ್ ಪ್ರೈಮರ್ ಕಡಲಲ್ಲಿ ಹೇರಳವಾಗಿರುವ ಸಾರ್11 ಎಂಬ ಬ್ಯಾಕ್ಟೀರಿಯಾ ಗುಂಪನ್ನು ಕಡಿಮೆ ತೋರಿಸುತ್ತದೆ. ತಿದ್ದಿದ 806ಆರ್‌ಬಿ ಕೇಳಿ. ಪಾಚಿಗಳ ಕ್ಲೋರೋಪ್ಲಾಸ್ಟ್ ಸೀಕ್ವೆನ್ಸ್‌ಗಳೂ ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಸೇರುತ್ತವೆ, ತೆಗೆದುಹಾಕಿ.

ಮುಂದೆ ಮಲದ ಮಾದರಿಗೆ ಬಂದಾಗ ಮಣಿ ಹಾಕಿ ಕುಲುಕಿ ಕೋಶ ಒಡೆಯುವ ಹಂತ ಬಿಡಬೇಡಿ; ಬಿಟ್ಟರೆ ದಪ್ಪ ಗೋಡೆಯ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾ ಜಾತಿಗಳು ಸರಿಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಆರ್ (R) ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸಂಖ್ಯಾಶಾಸ್ತ್ರವನ್ನು ಮಾತ್ರ ಈ ಸೆಮಿಸ್ಟರ್‌ನಲ್ಲೇ ಶುರುಮಾಡಿ.